ಕಾರಿಗೆ ಅಂಟದ ಪ್ರಮಾಣಪತ್ರ

ಹಳೆಯ ಕಾರುಗಳ ಮೆರವಣಿಗೆಯ ಹಿಂದಿನ ದಿನ ಚಂದ್ರಮೌಳಿಯವರು ತಮ್ಮ ಅರವತ್ತು ವರ್ಷದ ಕಾರನ್ನು, ಕಾರಿನ ತಗಡು ರಿಪೇರಿ ಮಾಡುವ ಟಿಂಕರನ ಶೆಡ್ಡಿಗೆ ತಂದರು. ಶೆಡ್ಡಿನ ಜಾಗ ಅವರದೇ.

"ಮೆರವಣಿಗೇಲಿ ತೋರಿಸಬೇಕು, ಬಾಡಿಯಲ್ಲಿ ಎಲ್ಲೂ ತುಕ್ಕಿಲ್ಲ ಅಂತ ಬರೆದು ಸಹಿ ಹಾಕಯ್ಯ. ಆಗಲ್ಲ ಅಂದ್ರೆ ನಾಳೆನೇ ಶೆಡ್ ಖಾಲಿ ಮಾಡು."

ಟಿಂಕರ್ ಬಾಗಿಲನ್ನು ಬೆರಳಿನಿಂದ ತಟ್ಟಿದ. ತಗಡಿನ ಸದ್ದು ಬರಲಿಲ್ಲ. ತುಕ್ಕು ತಿಂದ ತೂತುಗಳಿಗೆ ಯಾರೋ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದಿದ್ದರು.

"ಬರೀತೀನಿ ಸ್ವಾಮಿ," ಎಂದು ಒಂದು ಖಾಲಿ ಹಾಳೆಯನ್ನೂ ಆಯಸ್ಕಾಂತವನ್ನೂ ಕೊಟ್ಟ. "ಜನರಿಗೆ ಕಾಣೋ ಹಾಗೆ ನೀವೇ ಕಾರಿಗೆ ಅಂಟಿಸಿ. ಅದು ನಿಂತ ಕಡೆ ಸಹಿ ಹಾಕ್ತೀನಿ."

ಚಂದ್ರಮೌಳಿಯವರು ಬಾಗಿಲಿಗೆ ಒತ್ತಿದರು. ಹಾಳೆ ಜಾರಿ ಬಿತ್ತು. ಮಡ್‌ಗಾರ್ಡಿಗೆ ಒತ್ತಿದರು. ಅಲ್ಲೂ ಬಿತ್ತು.

"ನಿನ್ನ ಆಯಸ್ಕಾಂತಕ್ಕೆ ಶಕ್ತಿನೇ ಇಲ್ವಲ್ಲೋ!"

"ಅದು ಪುಟ್ಟಿಗೆ ಅಂಟಲ್ಲ ಸ್ವಾಮಿ, ತಗಡಿಗೆ ಮಾತ್ರ."

ಕೊನೆಗೆ ಛಾವಣಿಯ ಮೇಲೆ ಅದು ಟಕ್ಕೆಂದು ಕಚ್ಚಿತು. ಟಿಂಕರ್ ಸ್ಟೂಲ್ ಹತ್ತಿ ಅಲ್ಲೇ ಬರೆದು ಸಹಿ ಹಾಕಿದ: "ಛಾವಣಿ ತಗಡಿನದೇ."

ಚಂದ್ರಮೌಳಿಯವರು ಓದಿದರು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಮುಂದಿನ ವರ್ಷದ ಮೆರವಣಿಗೆಗಾದರೂ ಕಾರು ರೆಡಿ ಆಗುತ್ತೇನಯ್ಯ?"

"ಶೆಡ್ ಇದ್ದರೆ ಆಗುತ್ತೆ ಸ್ವಾಮಿ."