ಒಡಕು ಗಂಟೆಯ ಸೈಕಲ್ಲು

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲೊಬ್ಬರು ಅಜ್ಜಾರು. ಆ ಸೀಮೆಯಲ್ಲಿ ಗುರುಗಳನ್ನು ಕರೆಯುವುದೇ ಹಾಗೆ.

ಅವರ ಶಿಷ್ಯನಾಗಬೇಕೆಂದು ಕಲ್ಲಿನಾಥನೆಂಬ ತರುಣ ಬಂದ. ಮಳೆಗಾಲವೆಲ್ಲ ಪಾತ್ರೆ ತಿಕ್ಕಿದ, ಕಸ ಹೊಡೆದ. ಅಜ್ಜಾರು ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ಒಂದು ಬೆಳಿಗ್ಗೆ ಅವನೇ ತಡೆಯಲಾರದೆ ಕೇಳಿದ.

“ಅಜ್ಜಾರ, ನನ್ನನ್ನ ಶಿಷ್ಯ ಅಂತ ಯಾವಾಗ ಒಪ್ಕೋತೀರಿ?”

“ಇಲ್ಲಿಗೆ ಬರೂ ಮೊದಲ ಏನ ಮಾಡ್ತಿದ್ದಿ?”

“ಗದಗಿನ್ಯಾಗ ನಮ್ಮ ಮಾವನ ಅಂಗಡಿ ಐತ್ರಿ. ಹಳೇ ಸೈಕಲ್ ತಗೊಳ್ಳೂದು, ಮಾರೂದು. ಬೆಲಿ ಕಟ್ಟೂದು ನನ್ನ ಕೆಲಸ.”

“ಹಂಗಾರ ಛಲೋ ಆತು.”

ಅಜ್ಜಾರು ಗೋಡೆಗೆ ಒರಗಿದ್ದ ತಮ್ಮ ಸೈಕಲ್ ತೋರಿಸಿದರು.

“ನನ್ನ ಮೊಣಕಾಲು ಕೈಕೊಟ್ಟಾವು. ಅಡಗಿಮನಿ ತಗಡು ಗಾಳಿಗೆ ಹಾರಿ ಹೋಗ್ಯಾವು. ಹುಬ್ಬಳ್ಳಿ ಸಾಹುಕಾರ ಒಬ್ರು ಹಳೇ ಸೈಕಲ್ ಕೂಡಿ ಹಾಕ್ತಾರಂತ, ಸೋಮವಾರ ಬರ್ತಾರ. ಬೆಲಿ ನೀ ಹೇಳು. ಸರಿ ಹೇಳಿದ್ರ ಇಲ್ಲೇ ಇರು. ತಪ್ಪಿತು, ಅವರ ಗಾಡಿಯೊಳಗ ಕುಂತು ನಿಮ್ಮ ಊರಿಗೆ ಹೋಗು.”

ಕಲ್ಲಿನಾಥನಿಗೆ ಒಳಗೊಳಗೇ ಖುಷಿಯೋ ಖುಷಿ. ಇಷ್ಟೇನಾ! ಅವನಿಗದು ನೀರು ಕುಡಿದಷ್ಟು ಸಲೀಸು.

ಸೈಕಲ್ಲನ್ನು ಅಂಗಳಕ್ಕೆ ತಂದು ನಿಲ್ಲಿಸಿ ಸುತ್ತು ಹಾಕಿದ. ಅಬ್ಬಾ, ಎಂಥ ಮಾಲು! ವಿಲಾಯತಿಯದು. ಸೀಟಿನ ಕೆಳಗೆ ಕೊರೆದ ನಂಬರು ಅಳಿಸಿರಲಿಲ್ಲ. ಬ್ರೇಕಿಗೆ ವಾಯರಿನ ಬದಲು ಉಕ್ಕಿನ ಸರಳು, ಚೈನಿಗೆ ತಗಡಿನ ಪೂರಾ ಮುಚ್ಚಿಗೆ, ಚರ್ಮದ ಸೀಟು, ಮೂಲದ ಬಣ್ಣ. ಒಂದೇ ಒಂದು ಕುಂದು, ಗಂಟೆ. ಯಾವುದೋ ಸಂತೆಯ ಮಾಲು, ಅದೂ ಒಡಕು. ಬಾರಿಸಿದರೆ ಪಾತ್ರೆಯ ಮುಚ್ಚಳ ಕೆಳಗೆ ಬಿದ್ದಂತೆ ಕಟಕಟ ಅನ್ನುತ್ತಿತ್ತು.

ಕಲ್ಲಿನಾಥನ ಚೀಲದಲ್ಲಿ ಮಾವ ಕೊಟ್ಟ ಗಂಟೆಯೊಂದಿತ್ತು. ಅದೇ ಕಂಪನಿಯದು, ಅದೇ ಕಾಲದ್ದು. ಜೀವದಂತೆ ಜೋಪಾನ ಮಾಡಿದ್ದ. ಗುರುವಿಗಾಗಿ ಅದನ್ನೂ ತೆಗೆದ. ಒಡಕನ್ನು ಬಿಚ್ಚಿ ಮೂಲೆಗೆ ಹಾಕಿದ, ಹೊಳೆಯುವುದನ್ನು ಕೂರಿಸಿದ.

“ಅಜ್ಜಾರ, ಇದ್ದಂಗ ಇದ್ರ ಇಪ್ಪತ್ತೆರಡು ಸಾವಿರ. ಈಗ ಗಂಟಿ ಬದಲಿ ಮಾಡೀನಿ. ಇಪ್ಪತ್ತೈದಕ್ಕ ಒಂದು ಪೈಸಾ ಕಡಿಮಿ ಇಲ್ಲ.”

ಅಜ್ಜಾರು ಜೋಳಿಗೆ ತಂದು ಅವನ ಹೆಗಲಿಗೆ ಹಾಕಿದರು.

“ಓಡಸದ ಸೈಕಲ್ಲಿಗೆ ಬೆಲಿ ಹೆಂಗ ಕಟ್ತಿ? ಊರಾಗ ಒಂದು ಸುತ್ತು ಹಾಕಿ ಬಾ. ಬರೂ ಮುಂದ ಜೋಳಾ ತಗೊಂಡು ಬಾ. ಆದ್ರ ನಮ್ಮ ಮಠದ ಪದ್ಧತಿ ನೆನಪಿರಲಿ. ಜೋಳಿಗಿ ಹೊತ್ತವ ಬಾಯಿ ಬಿಟ್ಟು ಬೇಡಬಾರದು. ಗಂಟಿ ಬಾರಿಸಿ ನಿಂತ್ರ ಸಾಕು.”

ಕಲ್ಲಿನಾಥ ಹೋದ. ಸೈಕಲ್ ಬೆಣ್ಣೆಯಂತೆ ಓಡಿತು. ಮೊದಲ ಮನೆಯ ಮುಂದೆ ನಿಂತು ಟ್ರಿಣ್ ಟ್ರಿಣ್ ಎಂದು ಬಾರಿಸಿದ.

“ಐಸ್‌ಕ್ಯಾಂಡಿ ಬ್ಯಾಡಪಾ, ಮುಂದ ಹೋಗು!” ಒಳಗಿನಿಂದ ಹೆಂಗಸಿನ ದನಿ ಬಂತು.

ಎರಡನೆಯ ಮನೆಯಲ್ಲಿ ನಾಯಿ ಬೊಗಳಿತು. ಮುಂದಿನ ಮನೆಯಲ್ಲಿ ಅದೂ ಇಲ್ಲ. ಊರೆಲ್ಲ ತಿರುಗಿದರೂ ಒಂದು ಬಾಗಿಲೂ ತೆರೆಯಲಿಲ್ಲ. ಎಂಥ ಕಲ್ಲೆದೆಯ ಜನವಪ್ಪಾ ಎಂದು ಬೈದುಕೊಂಡು, ಖಾಲಿ ಜೋಳಿಗೆಯೊಂದಿಗೆ ಮರಳಿದ.

ಅಜ್ಜಾರು ಜೋಳಿಗೆ ನೋಡಿದರು. ಮೂಲೆಯಲ್ಲಿದ್ದ ಒಡಕು ಗಂಟೆಯನ್ನು ಎತ್ತಿ ಧೋತರದ ಸೆರಗಿನಿಂದ ಒರೆಸಿದರು.

“ಇದನ್ನ ಹಾಕ್ಕೊಂಡು ಮತ್ತೊಮ್ಮೆ ಹೋಗು.”

“ಅಜ್ಜಾರ, ಬೆಲಿ ಕಡಿಮಿ ಆಗ್ತೈತ್ರಿ.”

“ಆಗ್ಲಿ.”

ಆಗ ನಡು ಮಧ್ಯಾಹ್ನ. ಓಣಿಯಲ್ಲಿ ಒಂದು ಕೋಳಿಯೂ ಓಡಾಡುತ್ತಿರಲಿಲ್ಲ. ಕಲ್ಲಿನಾಥ ಬೇಸರದಿಂದಲೇ ಗಂಟೆ ಒತ್ತಿದ. ಕಟಕಟ, ಕಟಕಟ.

ಐಸ್‌ಕ್ಯಾಂಡಿ ಬ್ಯಾಡ ಎಂದಿದ್ದ ಮನೆಯ ಬಾಗಿಲು ತೆರೆಯಿತು. ರೊಟ್ಟಿ ಬಡಿಯುತ್ತಿದ್ದ ಹೆಂಗಸು ಹಿಟ್ಟಿನ ಕೈಯಲ್ಲೇ ಮೊರ ಹಿಡಿದು ಓಡಿ ಬಂದಳು.

ಎದುರು ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ನಡೆದಿತ್ತು. ಅದು ಅರ್ಧಕ್ಕೇ ನಿಂತಿತು. ಅಣ್ಣ ಸೇರು ತಂದ, ತಮ್ಮ ಜೋಳಿಗೆಯ ಬಾಯಿ ಅಗಲಿಸಿ ಹಿಡಿದ.

ಓಣಿಯುದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಯಾರೂ ನೀನು ಯಾರು ಎಂದು ಕೇಳಲಿಲ್ಲ. ಸೆರಗು ಹೊದ್ದು ಬಂದರು, ಟೋಪಿ ತೆಗೆದು ಬಂದರು. ಕಣ್ಣು ಕಾಣದ ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಬಂದು, ಹಿಡಿ ಜೋಳ ಹಾಕಿ, ಸೈಕಲ್ಲಿನ ಕ್ಯಾರಿಯರ್ ತಡವಿದಳು.

“ಹೆರಿಗಿ ಬ್ಯಾನಿಯೊಳಗ ನನ್ನ ಮಗಳನ್ನ ಇದರ ಮ್ಯಾಲೇ ಕುಂಡ್ರಿಸಿಕೊಂಡು ದವಾಖಾನಿಗೆ ಒಯ್ದಿದ್ರಿ. ಸುರಿಯೂ ಮಳಿಯೊಳಗ,” ಎಂದಳು. “ಅಜ್ಜಾರ, ಮೊಣಕಾಲು ಹೆಂಗದಾವ್ರಿ?”

ತಾನು ಅಜ್ಜಾರಲ್ಲ ಎಂದು ಹೇಳುವುದನ್ನೂ ಮರೆತು ಕಲ್ಲಿನಾಥ ಆ ಒಡಕು ಗಂಟೆಯನ್ನೇ ನೋಡಿದ. ಇಷ್ಟು ದೊಡ್ಡದನ್ನು ತಾನು ಬಿಚ್ಚಿ ಮೂಲೆಗೆ ಹಾಕಿದ್ದೆನಲ್ಲ ಎಂದು ಅವನಿಗೆ ಭಯವೇ ಆಯಿತು.

ಜೋಳಿಗೆ ತುಂಬಿ, ಕ್ಯಾರಿಯರಿಗೂ ಒಂದು ಚೀಲ ಬಂತು. ಹತ್ತಿ ಓಡಿಸುವ ಧೈರ್ಯವಾಗದೆ, ಸೈಕಲ್ಲನ್ನು ಮಠದವರೆಗೂ ತಳ್ಳಿಕೊಂಡೇ ಬಂದ.

ಬಂದವನೇ ಅಜ್ಜಾರ ಪಾದ ಹಿಡಿದುಬಿಟ್ಟ.

“ಅಜ್ಜಾರ, ಬೆಲಿ ನನಗ ತಿಳೀವಲ್ದು. ನಾ ಸೋತೆ. ನನ್ನ ಬೇಕಾದ್ರ ಊರಿಗೆ ಕಳಸ್ರಿ, ಇದನ್ನ ಮಾತ್ರ ಮಾರಬ್ಯಾಡ್ರಿ.”

ಅಜ್ಜಾರು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಕುಳಿತರು. ಒಡಕು ಗಂಟೆ ಬಿಚ್ಚಿದರು. ಹೊಳೆಯುವ ಗಂಟೆಯನ್ನು ಬಿಗಿಯಾಗಿ ಕೂರಿಸಿ, ಟ್ರಿಣ್ ಎನಿಸಿ ನೋಡಿದರು.

“ಇಪ್ಪತ್ತೈದಕ್ಕ ಕೊಡು. ಸೈಕಲ್ಲಿನ ಬೆಲಿ ನೀ ಸರಿಯಾಗೇ ಹೇಳಿದ್ದಿ. ಅಡಗಿಮನಿಗೆ ತಗಡು ಹೊದಿಸೂಣು.”

ಕಲ್ಲಿನಾಥ ದಿಗ್ಭ್ರಮೆಯಿಂದ ತಲೆ ಎತ್ತಿದ. ಅಂದರೆ ತಾನಿನ್ನು ಹೋಗಬೇಕಿಲ್ಲ! ಆದರೆ ಖುಷಿಪಡಲೂ ತೋಚಲಿಲ್ಲ.

“ಮತ್ತ ಜೋಳಿಗೀರಿ? ನಾಳೆ ನಾ ಹೆಂಗ ಹೋಗ್ಲಿ?”

“ನಡಕೊಂಡು ಹೋಗು.”

“ಹಂಗಾರ ಆ ಒಡಕು ಗಂಟೀನಾದ್ರೂ ಕೊಡ್ರಿ ಅಜ್ಜಾರ. ಅದಿಲ್ಲದ ಯಾರು ಬಾಗಿಲಾ ತಗೀತಾರ?”

ಅಜ್ಜಾರು ಒಡಕು ಗಂಟೆಯನ್ನು ಅವನ ಬೊಗಸೆಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದರು.

“ಇಟ್ಕೋ ತಮ್ಮಾ. ಆದ್ರ, ನಾ ಮೊದಲ ಸಲ ಹೋದಾಗ ಇದೂ ಇರಲಿಲ್ಲ.”