ದೀಪಕ್ಕೆ ಒಂದು ಸೌಟು ಎಣ್ಣೆ

"ಗುರುಗಳೇ, ಹಾಡುವವರಿಗೂ ಕುಣಿಯುವವರಿಗೂ ಅರಸನ ಬೊಕ್ಕಸದಿಂದ ಸಂಭಾವನೆ ಹೋಗುತ್ತದೆ. ಅತ್ತ ತಲೆ ಎತ್ತಿಯೂ ನೋಡದವನು ಅದಕ್ಕೆ ತೆರಿಗೆ ಏಕೆ ಕೊಡಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಗಾಣಗಿತ್ತಿ ಇದ್ದಳು. ಗಂಡ ತೀರಿಕೊಂಡ ಮೇಲೆ ಬರಿಗೈಯಲ್ಲಿ ಗಾಣ ಹೂಡಿದವಳು. ದುಡಿದು, ಕಾಲುವೆಯ ಕೊನೆಯಲ್ಲೊಂದು ಎಳ್ಳಿನ ಹೊಲ ಮಾಡಿಕೊಂಡಿದ್ದಳು. ಯಾರ ಹಂಗೂ ತನಗಿಲ್ಲ ಎಂಬುದು ಅವಳ ಹೆಮ್ಮೆ.

ಆ ಊರಿಗೆ ವರ್ಷಕ್ಕೊಮ್ಮೆ ತೊಗಲುಗೊಂಬೆಯವನು ಬರುತ್ತಿದ್ದ. ಪರದೆಯ ಹಿಂದಿನ ದೀಪಕ್ಕೆ ಮನೆಗೊಂದು ಸೌಟು ಎಣ್ಣೆ ಕೊಡುವುದು ಊರ ಕಟ್ಟಳೆ. ಆಟದ ನಡುವೆ ಹಾಸ್ಯದ ಗೊಂಬೆ ಬಂದು ಊರಿನವರ ತಪ್ಪುಗಳನ್ನು ಆಡಿಕೊಳ್ಳುತ್ತಿತ್ತು. ಗೌಡ ಕಾಲುವೆಯ ನೀರನ್ನೆಲ್ಲ ತನ್ನ ಗದ್ದೆಗೇ ತಿರುಗಿಸಿಕೊಂಡಿದ್ದರೆ ಅದನ್ನೂ ಬಿಡುತ್ತಿರಲಿಲ್ಲ.

ಗಾಣಗಿತ್ತಿ ಆಟಕ್ಕೆ ಹೋದವಳಲ್ಲ. ನೀರು ನಿಂತಾಗ ಗೌಡನ ಬಾಗಿಲಲ್ಲಿ ನಿಂತು ಜಗಳ ಕಾಯುತ್ತಿದ್ದಳು. ಕೆಲವು ದಿನಕ್ಕೆ ನೀರು ಬರುತ್ತಿತ್ತು. ತನ್ನ ಬಾಯಿಗೆ ಹೆದರಿದ ಎಂದುಕೊಳ್ಳುತ್ತಿದ್ದಳು.

ಒಂದು ವರ್ಷ ಎಣ್ಣೆ ಕೇಳಲು ಬಂದವರಿಗೆ ಅವಳು ಹೇಳಿದಳು: "ನಾನು ನೋಡದ ಆಟಕ್ಕೆ ನನ್ನ ಎಣ್ಣೆ ಏಕೆ? ನನ್ನ ಎತ್ತು ಸುತ್ತಿದ್ದು ಗೊಂಬೆಗಲ್ಲ. ಬೇಕಾದವರು ಹಾಕಿಕೊಳ್ಳಲಿ."

ಮಾತು ನ್ಯಾಯವೆಂದು ಹಲವರಿಗೆ ತೋರಿತು. ಅವರೂ ಸೌಟನ್ನು ಒಳಗಿಟ್ಟರು. ಗೌಡ ನಕ್ಕು, "ಪಾಪ, ಆಟ ನಿಲ್ಲಬಾರದು. ಅಷ್ಟೂ ಎಣ್ಣೆ ನಾನೇ ಹಾಕುತ್ತೇನೆ" ಎಂದ.

ಆ ವರ್ಷವೂ ನೀರು ನಿಂತಿತು. ಗಾಣಗಿತ್ತಿ ಗಂಟಲು ಹರಿಯುವಂತೆ ಜಗಳವಾಡಿದಳು. ಗೌಡ ಎಲೆ ಅಡಿಕೆ ಜಗಿಯುತ್ತ ಕೂತಿದ್ದ. "ಗೊಂಬೆಯಾಟ ಮುಗಿಯಲಿ, ನೀರು ಬಿಡುತ್ತಾನೆ. ಪ್ರತಿ ವರ್ಷ ಹಾಗೇ ಅಲ್ಲವೇ?" ಎಂದ ಪಕ್ಕದ ಹೊಲದವನು.

ಮೊದಲ ಸಲ ಅವಳು ಆಟಕ್ಕೆ ಹೋಗಿ ಮುಂದೆಯೇ ಕೂತಳು. ದೀಪ ಎಂದಿಗಿಂತ ಚೆನ್ನಾಗಿ ಉರಿಯುತ್ತಿತ್ತು. ಹಾಸ್ಯದ ಗೊಂಬೆ ಬಂತು. ಗೌಡನ ಧಾರಾಳತನವನ್ನು ಹೊಗಳಿ, ಕುಣಿದು, ಹೋಯಿತು.

ಬೆಳಿಗ್ಗೆ ಗಾಣಗಿತ್ತಿ ಗೊಂಬೆಯವನನ್ನು ತಡೆದು ಕೇಳಿದಳು: "ಏನಪ್ಪಾ, ನಿನ್ನ ಗೊಂಬೆಯ ಬಾಯಿ ಬಿದ್ದುಹೋಯಿತೇ?"

ಅವನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತ ಹೇಳಿದ: "ಬಾಯಿ ಹಾಗೇ ಇದೆ, ತಾಯಿ. ದೀಪ ಗೌಡರದು."

ಅವಳ ಎಳ್ಳು ಹೂವಿನಲ್ಲೇ ಒಣಗಿತು.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಯೋಚಿಸಿ, "ಆದರೂ ಅವಳ ಮಾತಿನಲ್ಲಿ ಸುಳ್ಳೇನಿತ್ತು, ಗುರುಗಳೇ? ಅದುವರೆಗೆ ಅವಳು ಒಂದು ಆಟವನ್ನೂ ನೋಡಿರಲಿಲ್ಲವಲ್ಲ" ಎಂದ.

"ನೋಡಿರಲಿಲ್ಲ," ಎಂದರು ಗುರುಗಳು, "ನೀರು ಮಾತ್ರ ಬರುತ್ತಿತ್ತು."