ಮಾಳಿಗೆಯ ಮೇಲೆ ನಿಂತ ಹಾಡು

ಪೂಜ್ಯ ಹಾಲಯ್ಯ ಅಜ್ಜನವರು ಬೂದಿಗಟ್ಟಿಯ ಮಠದಲ್ಲಿದ್ದ ಕಾಲದ ಮಾತಿದು. ಮಠವೆಂದರೆ ದೊಡ್ಡ ಕಟ್ಟಡವೆಂದು ತಿಳಿಯಬಾರದು. ಎರಡಂಕಣದ ಮನೆ, ಒಂದು ಬಾವಿ, ಕೂರಲು ಕಂಬಳಿ, ಅಷ್ಟೇ. ಅಲ್ಲಿ ಪ್ರತಿ ಸೋಮವಾರ ಸಂಜೆ ಅಜ್ಜನವರು ಹಾಡಿನ ಕೂಟ ನಡೆಸುತ್ತಿದ್ದರು. ಅದು ಎಲ್ಲ ಕಡೆಯ ಭಜನೆಯಂತಲ್ಲ. ಒಂದು ವಾರ ನೇಕಾರರು, ಒಂದು ವಾರ ಕಲ್ಲು ಒಡೆಯುವವರು, ಹೀಗೆ ಒಂದೊಂದು ಕಾಯಕದವರು ಬಂದು, ದುಡಿಯುವಾಗ ಹಾಡುವ ಪದಗಳನ್ನೇ ಅಲ್ಲಿ ಹಾಡಬೇಕು. ಅವರ ಹತಾರಗಳಿಗೆ ಅಜ್ಜನವರು ತಮ್ಮ ಕೈಯಾರೆ ವಿಭೂತಿ ಹಚ್ಚುತ್ತಿದ್ದರು.

ಇದನ್ನು ಕಂಡು ಊರೆಲ್ಲ ಹಿಗ್ಗಿದರೂ ಅಡಿವೆಪ್ಪ ಗವಾಯಿ ಮಾತ್ರ ಒಳಗೊಳಗೇ ಬೇಯುತ್ತಿದ್ದ. ಅದಕ್ಕೆ ಕಾರಣವಿತ್ತು. ಮಠದಲ್ಲಿ ಮೊದಲ ಪದ ಹಾಡುವುದು ಅವನ ತಂದೆಯ ಕಾಲದಿಂದ ಅವರ ಮನೆತನದ ಹಕ್ಕು. ಕೂಟ ಶುರುವಾದ ಮೇಲೆ ಆ ಹಕ್ಕು ದುಡಿಯುವವರ ಪಾಲಾಯಿತು; ಅವನಿಗೆ ಉಳಿದದ್ದು ಕೊನೆಯ ಮಂಗಳ. ಮಂಗಳದ ಹೊತ್ತಿಗೆ ಅರ್ಧ ಜನ ಪ್ರಸಾದದ ಸಾಲಿನಲ್ಲಿರುತ್ತಿದ್ದರು. ತಾನು ರಾಗ ಹಿಡಿದು ಹಾಡಿದಾಗ ಸುಮ್ಮನೆ ಕೇಳುವ ಅಜ್ಜನವರು, ಗಾರೆ ಬಡಿಯುವ ಯಂಕವ್ವನ ಒಡಕು ದನಿಗೆ ತಲೆದೂಗುವುದನ್ನು ಕಂಡರಂತೂ ಅವನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಗುತ್ತಿತ್ತು.

ಒಂದು ಸೋಮವಾರ ಗಾರೆಯವರ ಸರದಿ ಬಂತು. ದಾಸೋಹದ ಕೋಣೆಯ ಮಾಳಿಗೆಗೆ ಅಂದೇ ಸುಣ್ಣದ ಗಾರೆ ಹಾಕಿದ್ದರು. ಗಾರೆಯನ್ನು ಹಸಿ ಇರುವಾಗಲೇ ಬೆಲ್ಲದ ನೀರು ಚಿಮುಕಿಸಿ ಹಲಗೆಯಿಂದ ಬಡಿಯಬೇಕು. ಬಿಟ್ಟರೆ ಬಿರಿಯುತ್ತದೆ, ಮಳೆಗೆ ಸೋರುತ್ತದೆ. ಆದ್ದರಿಂದ ಅಜ್ಜನವರು ಕೂಟವನ್ನೇ ಮಾಳಿಗೆಯ ಮೇಲೆ ಕರೆಸಿದರು.

ಏಣಿ ಹತ್ತಿ ಬಂದ ಅಡಿವೆಪ್ಪ ಚುಚ್ಚಿದ: "ಏನವಾ ಯಂಕವ್ವ, ಹಾರ್ಮೋನಿಯಂ ತರಿಸಲೇನ ನಿನಗ?"

"ನಮ್ಮ ಹಾರ್ಮೋನಿಯಂ ಕಾಲ ಕೆಳಗ ಐತ್ರಿ ಗವಾಯಿಗಳ, ಬಡದಂಗೆಲ್ಲಾ ಸ್ವರ ಹತ್ತತೈತಿ," ಎಂದಳು ಯಂಕವ್ವ. ಜೊತೆಯ ಗಾರೆಯ ಹೆಂಗಸರು ಗೊಳ್ಳೆಂದು ನಕ್ಕರು.

ಆ ನಗೆಯನ್ನು ಅವನಿಗೆ ಸಹಿಸಲಾಗಲಿಲ್ಲ. ಅಜ್ಜನವರ ಮುಂದೆ ಕೈಮುಗಿದ. "ಬುದ್ಧಿ, ಇವತ್ತ ಮೊದಲನೇ ಪದಾ ನನಗ ಕೊಡ್ರಿ."

"ಯಂಕವ್ವನ್ನ ಕೇಳಪ್ಪ. ಇವತ್ತಿನ ಸಭಾ ಆಕೀದು."

ಕೇಳುವುದು ಸಾವಿನಷ್ಟು ಕಷ್ಟವಾಯಿತು. ಆದರೆ ಯಂಕವ್ವನೇ, "ಹಾಡ್ರಿ ಯಪ್ಪಾ, ನಾವು ಬಡೀತೀವಿ," ಎಂದುಬಿಟ್ಟಳು. ಹೆಂಗಸರು ಸಾಲಾಗಿ ನಿಂತು ಹಲಗೆ ಎತ್ತಿದರು.

ಇಲ್ಲೊಂದು ಪದ್ಧತಿ ಹೇಳಬೇಕು. ಗಾರೆಯವರಲ್ಲಿ ಮುಂದೆ ನಿಂತ ಒಬ್ಬರು ಒಂದು ಸಾಲು ಹಾಡುತ್ತಾರೆ, ಸಾಲು ಮುಗಿದೊಡನೆ ಎಲ್ಲರ ಹಲಗೆಯೂ ಒಟ್ಟಿಗೆ ಬೀಳುತ್ತದೆ. ಸಾಲು ಮುಗಿಯುವ ಮುನ್ನ ಹಲಗೆ ಇಳಿಸಿದರೆ ಹಾಡುವವರಿಗೆ ಅವಮಾನ ಮಾಡಿದಂತೆ ಎಂದು ಅವರ ನಂಬಿಕೆ. ಅಡಿವೆಪ್ಪ ಇದನ್ನು ಎಂದೂ ಗಮನಿಸಿದವನಲ್ಲ.

ಅವನು ಕಣ್ಣು ಮುಚ್ಚಿ ಶಿವಸ್ತುತಿಯ ಮೊದಲ ಸಾಲು ಎತ್ತಿದ. 'ಶಿವನೇ' ಎಂಬಲ್ಲೇ ನಿಂತು ಆಲಾಪ ಮಾಡಿದ. ಬಡಿತ ಕೇಳಿಸಲಿಲ್ಲ, ಪಿಸುಮಾತೂ ಇಲ್ಲ. 'ಮಂತ್ರ ಹಾಕಿದಂಗ ನಿಂತಾರ! ಬಡಿಯೋದನ್ನೂ ಮರತಾರ!' ಎಂದು ಅವನ ಎದೆ ಉಬ್ಬಿತು. ಅಜ್ಜನವರ ಮುಂದೆ ಯಂಕವ್ವ ಸೋತಳೆಂಬ ಸಂತೋಷದಲ್ಲಿ ಇನ್ನೂ ಎಳೆದ. ಮೇಲಿನ ಸ್ವರಕ್ಕೆ ಹೋದ, ಇಳಿದ, ಮತ್ತೆ ಹತ್ತಿದ.

"ಅಡಿವೆಪ್ಪ, ಕಣ್ಣ ತೆರಿ," ಎಂದರು ಅಜ್ಜನವರು.

ತೆರೆದ. ಹೆಂಗಸರೆಲ್ಲ ಹಲಗೆಗಳನ್ನು ತಲೆಯ ಮೇಲೆ ಎತ್ತಿಕೊಂಡೇ ನಿಂತಿದ್ದರು. ಯಂಕವ್ವನ ತೋಳುಗಳು ಗಡಗಡ ನಡುಗುತ್ತಿದ್ದವು. ಹಲಗೆಯಿಂದ ತೊಟ್ಟಿಕ್ಕಿದ ಸುಣ್ಣದ ನೀರು ಹಣೆಯಿಂದ ಕಣ್ಣಿಗೆ ಇಳಿದು ಕಣ್ಣು ಕೆಂಪಾಗಿತ್ತು. ಆದರೂ ಒರೆಸಿಕೊಂಡಿರಲಿಲ್ಲ. ಒರೆಸಲು ಹಲಗೆ ಇಳಿಸಬೇಕು, ಇಳಿಸಿದರೆ ಅವನ ಹಾಡಿಗೆ ಅವಮಾನ.

ತಾನು ಯಾರ ಹಾಡನ್ನು ಕೆಳಗೆ ತಳ್ಳಲು ಹೊರಟಿದ್ದನೋ ಅವರು ತನ್ನ ಹಾಡನ್ನು ತಲೆಯ ಮೇಲೆ ಹೊತ್ತು ನಿಂತಿದ್ದರು.

ಅವನು ಆಲಾಪವನ್ನು ಅಲ್ಲೇ ಬಿಟ್ಟ. ಹೇಗೋ ಸಾಲು ಮುಗಿಸಿದ. ಧಪ್ಪೆಂದು ಹಲಗೆಗಳು ಒಟ್ಟಿಗೆ ಬಿದ್ದವು, ಮಾಳಿಗೆ ಅದುರಿತು.

"ಶಿವಶಿವಾ! ನಿಮ್ಮ ಪದದ ಜೋಡಿ ನಮ್ಮ ತೋಳೂ ಕೈಲಾಸಕ್ಕ ಹೋಗಿ ಬಂದೂವ್ರಿ," ಎಂದು ಯಂಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅವಳ ಮಾತಿನಲ್ಲಿ ಮುನಿಸಿರಲಿಲ್ಲ.

ಅಡಿವೆಪ್ಪ ಅಜ್ಜನವರ ಪಾದಕ್ಕೆ ಬಿದ್ದ. "ನನಗ ಹೊಟ್ಟೆಕಿಚ್ಚಿತ್ರಿ ಬುದ್ಧಿ."

ಅಜ್ಜನವರು ಬೈಯಲಿಲ್ಲ, ಬೋಧಿಸಲೂ ಇಲ್ಲ. ಅವನನ್ನು ಎಬ್ಬಿಸಿದರು. ಗೋಡೆಗೊರಗಿಸಿದ್ದ ಒಂದು ಹಲಗೆಗೆ ವಿಭೂತಿ ಹಚ್ಚಿ ಅವನ ಕೈಗಿತ್ತು, "ಗಾರಿ ಒಣಗತೈತಿ," ಎಂದರು.

ಅಡಿವೆಪ್ಪ ಧೋತರ ಮೇಲೆ ಕಟ್ಟಿ ಸಾಲಿನ ಕೊನೆಗೆ ನಿಂತು ಹಲಗೆ ಎತ್ತಿದ. ಯಂಕವ್ವ ಪದ ಶುರುಮಾಡಿದಳು. ಓರೆಗಣ್ಣಿನಲ್ಲಿ ಅವನನ್ನು ನೋಡಿ, ಬೇಕೆಂದೇ ಸಾಲನ್ನು ಎಳೆದಳು, ಇನ್ನೂ ಎಳೆದಳು. ಅಜ್ಜನವರು ಮಗುವಿನಂತೆ ನಕ್ಕರು. ಗವಾಯಿಯ ತೋಳು ನಡುಗಿತು, ಬೆವರು ಕಣ್ಣಿಗಿಳಿಯಿತು. ಅವನು ಹಲಗೆ ಇಳಿಸಲಿಲ್ಲ. ಆ ಒಡಕು ದನಿ ಕೈಲಾಸಕ್ಕೆ ಹೋಗಿ ತಿರುಗಿ ಬರುವವರೆಗೂ ಕಾಯುತ್ತ ನಿಂತ.